ಕೈಗಂಟೆ

ಕರೆಂಟಿನ ಬೆಲ್ಲು ನಿಲ್ಲಿಸಿ ಒಂಬತ್ತು ದಿನ.
ಅದರ ಕೂಗೂ ಸೈರನ್ನಿನ ಕೂಗೂ ಒಂದೇ ಬಸಿರಿನವು;
ಮೂರನೇ ಪೀರಿಯಡ್ಡಿಗೆ ನಾನು ಗುಂಡಿ ಒತ್ತಿದ್ದೇ ತಡ
ಎರಡನೇ ಕ್ಲಾಸು ಪೂರ್ತಿ ಬೆಂಚಿನಡಿ ಸೇರಿತ್ತು.

ಸಿಸ್ಟರ್ ಎಮಿಲಿಯಾನಾ ಬೈಯಲಿಲ್ಲ.
ಚಾಪೆಲಿನ ಕಪಾಟಿನಿಂದ ಬಲಿಪೂಜೆಯ ಗಂಟೆ ತಂದು
"ಇನ್ನು ಇದು, ಸಿಲ್ವೆಸ್ತರ್" ಎಂದರು.
ಪರಮಪ್ರಸಾದ ಎತ್ತುವಾಗಷ್ಟೇ ಅಲುಗುತ್ತಿದ್ದದ್ದು
ಈಗ ಭಿನ್ನರಾಶಿಗೂ, ಬುತ್ತಿಗೂ.

ಮೊದಲ ದಿನ ಗೋವೆಯ ಹುಡುಗರಿಬ್ಬರು
ರೂಢಿಬಲದಿಂದ ಕಾರಿಡಾರಿನಲ್ಲೇ ಮಂಡಿಯೂರಿದರು.
ಅವರನ್ನು ನೋಡಿ ಯುಸ್ರಾಳೂ ಊರಿದಳು,
ಆಟವೆಂದುಕೊಂಡು.

ನಲವತ್ತರಲ್ಲಿ ಹನ್ನೊಂದು ಮಕ್ಕಳು ಉಳಿದಿದ್ದಾರೆ.
ಇವರ ಟಿಕೆಟ್ಟು ಯಾವತ್ತಿಗೋ.
ಸಿಸ್ಟರ್ ಮಾತ್ರ ವಾರ್ಷಿಕ ಪರೀಕ್ಷೆಯ ವೇಳಾಪಟ್ಟಿಗೆ
ಸ್ಕೇಲಿಟ್ಟು ಗೆರೆ ಎಳೆಯುತ್ತಾರೆ,
ಕೈ ನಡುಗಿ ಗೆರೆ ಸೊಟ್ಟಗಾದರೆ
ಹಾಳೆ ಬದಲಿಸಿ ಮತ್ತೆ.

ನಿನ್ನೆ ರಾತ್ರಿ ಮನಾಮಾದ ಆಕಾಶ ಗುಡುಗಿತು,
ಮಳೆಯದಲ್ಲ.
ಬೆಳಿಗ್ಗೆ ಗಾಜಿನ ಚೂರು ಗುಡಿಸಿದೆ,
ಏಳೂವರೆಗೆ ಗಂಟೆ ಹಿಡಿದು ಮೆಟ್ಟಿಲಲ್ಲಿ ನಿಂತೆ.

ವಿಶ್ವಾಸ ಅಂದರೇನು, ನನ್ನನ್ನು ಕೇಳಬೇಡಿ.
ಗಂಟೆಯ ನಾಲಗೆ ಸಡಿಲವಾಗಿದೆ;
ನನ್ನ ಶೂಸಿನ ಲೇಸು ಬಿಚ್ಚಿ
ಕಟ್ಟಿದ್ದೇನೆ.