ಎಡಮಗ್ಗುಲು

ಜೂನ್ ಮುಗಿಯುತ್ತ ಬಂದಿತ್ತು. ಬೈತಖೋಲದ ದಕ್ಕೆಯಲ್ಲಿ
ಮೀನಿಗಿಂತ ಬಣ್ಣದ ವಾಸನೆ ಜೋರು.
ಬೋಟುಗಳೆಲ್ಲ ದಡಕ್ಕೇರಿ ಹೊಟ್ಟೆ ತೋರಿಸಿ ಕೂತಿದ್ದವು.
ವಿಠು ಬಾಂದೇಕರರಿಗೆ ವರ್ಷದ ಅನ್ನ ಆ ಎರಡು ತಿಂಗಳಲ್ಲೇ.
ನಾನು ಡಬ್ಬಿ ಹಿಡಿಯುವವನು, ನೀಲಿ ದಾರ ಎಳೆಯುವವನು,
ಬೈಸಿಕೊಳ್ಳುವವನೂ.

ಅವರ ಬಳಿ ಒಂದು ಹಾಳೆಯಿತ್ತು. ಮಡಗಾಂವದಿಂದ
ಸೇವಿನ ಪೊಟ್ಟಣವಾಗಿ ಬಂದದ್ದು, ಎಣ್ಣೆ ಕುಡಿದದ್ದು.
ಇಂಗ್ಲಿಷ್ ಅಕ್ಷರ, ಎಯಿಂದ ಕ್ಯೂವರೆಗೆ ಮಾತ್ರ,
ದಪ್ಪ, ಓರೆ, ಪ್ರತಿ ಕಾಲಿನಡಿಗೂ ಒಂದು ಪುಟ್ಟ ಪಾದ.
"ನೋಡು, ಓಡ್ತಾ ಇದೆ, ಆದರೂ ಪಾದ ಊರಿದೆ.
ಕುಡಿದವನ ವಾಲಾಟ ಅಲ್ಲ ಇದು.
ಮೀನಿನ ಬುಟ್ಟಿ ಹೊತ್ತವಳು ಬಸ್ಸಿಗೆ ಓಡುವಾಗ
ವಾಲುತ್ತಾಳಲ್ಲ, ಆ ವಾಲು."

ನಮ್ಮ ಅಕ್ಷರಕ್ಕೆ ಎಲ್ಲಿದೆ ಕಾಲು?
ಹೊಟ್ಟೆಯಿದೆ, ತಲೆಕಟ್ಟಿದೆ,
ಒತ್ತು ಎಂಬ ಕೂಸು ಸೊಂಟದ ಕೆಳಗೆ ಜೋತಿದೆ.
ದುಂಡಗಿನದನ್ನು ಓರೆ ಮಾಡಹೋದರೆ ಉರುಳುತ್ತದೆ.
ಮೂರು ಮಳೆಗಾಲ ಉರುಳಿಸಿದರು, ಹಲಗೆ ಕೆರೆದು ಮತ್ತೆ ಬರೆದರು.
ಕೊನೆಗೆ ಪಾದವನ್ನು ತಲೆಗೇ ಇಟ್ಟರು:
ತಲೆಕಟ್ಟಿನ ತುದಿಯಲ್ಲಿ ಉಗುರಿನಷ್ಟು ಚೂಪು.
ಅಲ್ಲಿಗೆ ಅಕ್ಷರ ನಿಂತಿತು.
ತಮ್ಮ ಹೆಸರಿನ ಠ ಮಾತ್ರ ಕೊನೆವರೆಗೂ ಬಗ್ಗಲಿಲ್ಲ.

ಸಪೂರ ಗೆರೆಯನ್ನು ಉಪ್ಪು ಮೊದಲು ತಿನ್ನುತ್ತದೆ,
ಆದ್ದರಿಂದ ದಪ್ಪ.
ನೋಂದಣಿ ನಂಬರು ನೆಟ್ಟಗೆ; ಸರ್ಕಾರ ಓರೆ ಒಪ್ಪುವುದಿಲ್ಲ.
ಐಸ್ ಫ್ಯಾಕ್ಟರಿಯ ಗೋಡೆ, ಸೋಡಾ ಅಂಗಡಿ,
ಸದಾಶಿವಗಡದ ಹುಡುಗರ ಕ್ರಿಕೆಟ್ ಬ್ಯಾನರು, ಎಲ್ಲ ಓರೆಯೇ.
ಸಮಾಧಿ ಕಲ್ಲಿಗೆ ಕೇಳಿದರೆ ತಲೆಯಾಡಿಸುವರು:
"ಅವರು ಎಲ್ಲಿಗೂ ಹೊರಟಿಲ್ಲ ಮಾರಾಯಾ."

ಆ ವರ್ಷ ಯಮುನಾ ಹರಿಕಂತ್ರರ ಹೊಸ ಬೋಟು.
ಬಲಮಗ್ಗುಲಲ್ಲಿ *ದುರ್ಗಾ ಪ್ರಸಾದ* ಮೂತಿಯ ಕಡೆ ವಾಲಿ
ಆಗಲೇ ಅಲೆ ಸೀಳುತ್ತಿತ್ತು,
ಅರ್ಕಾವತ್ತು ಗಾಳದ ಹಾಗೆ ನೀರಿಗೆ ಕಾದಿತ್ತು.
ಆಕೆ ಸುತ್ತು ಹಾಕಿ ಎಡಕ್ಕೆ ಹೋಗಿ ನಿಂತಳು.
ಸೆರಗು ಸಿಕ್ಕಿಸಿ, ತುಂಬ ಹೊತ್ತು ನಿಂತಳು.
"ಬಾಂದೇಕರ್ರೇ, ಈ ಬದಿಗೆ ನನ್ನ ದೇವಿ
ಹಿಂದಕ್ಕೆ ಹೋಗ್ತಿದ್ದಾಳೆ."

ಹೌದಲ್ಲ. ಎಡದಲ್ಲಿ ಮೂತಿ ಎಡಕ್ಕೆ, ಓದು ಬಲಕ್ಕೆ,
ಓದಿನ ಜೊತೆ ಓರೆಯೂ ಚುಕ್ಕಾಣಿಯ ಕಡೆಗೆ.
ಇಪ್ಪತ್ತೆರಡು ವರ್ಷ, ನೂರಾರು ಬೋಟು,
ಅರ್ಧ ಬಂದರು ಹಿಮ್ಮುಖ ಓಡಿದ್ದನ್ನು
ಯಾರೂ ಹೇಳಿರಲಿಲ್ಲ. ಓದು ಬಾರದವಳು ಹೇಳಿದಳು.

ಅವರು ಬೀಡಿ ಹಚ್ಚಲಿಲ್ಲ. ಹಾಳೆ ತೆಗೆದರು,
ಬೆಳಕಿಗೆ ಹಿಡಿದು ತಿರುಗಿಸಿ
ಎಣ್ಣೆಯ ಕಲೆಯ ಮೂಲಕ ಹಿಂದಿನಿಂದ ನೋಡಿದರು.
ಮಾರನೇ ದಿನ ಬ್ರಷ್ ಎಡಗೈಗೆ ಬಂತು.

ಎಡಕ್ಕೆ ವಾಲಿದ ಕನ್ನಡ ಯಾರೂ ಕಂಡಿರಲಿಲ್ಲ.
ದ ಗಾಳಿಗೆ ಬೆನ್ನು ಕೊಟ್ಟಂತೆ, ಪ್ರ ಮುಗ್ಗರಿಸಿದಂತೆ.
ಬಲೆ ಹೊಲಿಯುವವರು ನಕ್ಕರು.
ನಾನೂ ನಕ್ಕೆ, ಡಬ್ಬಿ ಅಡ್ಡ ಹಿಡಿದು.
ಆಕೆ ನಗಲಿಲ್ಲ. ಒದ್ದೆ ಗಾ ಮುಟ್ಟಿ
ಬೆರಳು ಕೆಂಪು ಮಾಡಿಕೊಂಡು ದುಡ್ಡು ಎಣಿಸಿದಳು.

ಈಗ ನನ್ನದೇ ಫ್ಲೆಕ್ಸ್ ಅಂಗಡಿ, ಕಾಜುಬಾಗದಲ್ಲಿ.
ಒಂದು ಗುಂಡಿ ಒತ್ತಿದರೆ ದಪ್ಪ, ಇನ್ನೊಂದಕ್ಕೆ ಓರೆ.
ಎಡಕ್ಕೆ ಓರೆ ಮಾಡುವ ಗುಂಡಿಯಿಲ್ಲ; ಹುಡುಕಿದ್ದೇನೆ.
ಆಗಸ್ಟಿನಲ್ಲಿ ಕೆಲವು ಸಂಜೆ ಅಂಗಡಿ ಬೇಗ ಮುಚ್ಚಿ
ದಕ್ಕೆಗೆ ಹೋಗುತ್ತೇನೆ. ಬೋಟುಗಳು ಮರಳುತ್ತವೆ,
ಮರಳುವಾಗಲೂ ಮೂತಿಯೇ ಮುಂದು.
*ದುರ್ಗಾ ಪ್ರಸಾದ*ದ ಬಣ್ಣ ಎರಡು ಸಲ ಬದಲಾಗಿದೆ,
ಬೇರೆ ಯಾರೋ ಅದೇ ಗೆರೆಯ ಮೇಲೆ ತೀಡಿದ್ದಾರೆ,
ಆ ಬೆರಳಿನ ಗುರುತನ್ನೂ ಬಿಡದೆ,
ಗಾದ ಹೊಟ್ಟೆಯಲ್ಲಿ, ಒಂದು ಚುಕ್ಕೆ ಎಂದುಕೊಂಡು.