ಎರಡನೆಯ ಹಗ್ಗ

ಲಿಫ್ಟಿಗೆ ಎಷ್ಟು ಹಗ್ಗ, ಗೊತ್ತೇ?
ಕೇಳಿದರೆ ಎಲ್ಲರೂ ಒಂದು ಅನ್ನುತ್ತಾರೆ.
ತ್ಬಿಲಿಸಿಯ ಈ ಹಳೇ ಕಟ್ಟಡಗಳಲ್ಲಿ,
ಕಾಸು ನುಂಗಿದ ಮೇಲಷ್ಟೇ ಅಲ್ಲಾಡುವ ಪೆಟ್ಟಿಗೆಗಳಿಗೂ
ಕಡಿಮೆಯೆಂದರೆ ಮೂರು.
ಅಷ್ಟೂ ಭಾರಕ್ಕೆ ಒಂದೇ ಸಾಕು,
ಆದರೂ ಮೂರು.
ಒಂದು ಕಣ್ಣು ಕಣ್ಣಲ್ಲ ಅನ್ನುತ್ತಾರಲ್ಲ, ಹಾಗೆ.

ಮೂವತ್ತೊಂದು ವರ್ಷ ಇದನ್ನೇ ಊರಿಗೆಲ್ಲ ಹೇಳಿದೆ.
ಮನೆಯಲ್ಲಿ ಮಾತ್ರ,
ಅಡುಗೆಮನೆಯ ಕಪಾಟಿನಲ್ಲಿ, ಜೊಂಜೊಲಿ ಉಪ್ಪಿನಕಾಯಿ ಭರಣಿಗಳ ಪಕ್ಕ
ಹಗಲೂ ರಾತ್ರಿ ಗೊಣಗುವ ಸರ್ವರಿನೊಳಗೆ
ಒಂದೇ ಡಿಸ್ಕು.

ಅದರಲ್ಲಿ ಏನಿದೆ ಅಂದರೆ ನಗಬೇಡಿ:
ಇನ್ನೂರ ಹನ್ನೆರಡು ಲಿಫ್ಟುಗಳ ಮೋಟಾರಿನ ಸದ್ದು.
ರಿಪೇರಿ ಮುಗಿಸಿ, ಕೈಯ ಗ್ರೀಸು ಒರೆಸಿಕೊಂಡು
ಒಂದೊಂದನ್ನೂ ನಾನೇ ಹಿಡಿದದ್ದು.
ಗ್ಲ್ದಾನಿಯ ಏಳನೇ ಬ್ಲಾಕಿನದು ಕೆಮ್ಮಿ ಹೊರಡುತ್ತದೆ.
ಸಬುರ್ತಾಲೊದ ಹೆರಿಗೆ ಆಸ್ಪತ್ರೆಯದು ಉಸಿರು ಬಿಗಿಹಿಡಿದು.
ಅವುಗಳಲ್ಲಿ ನಲವತ್ತು ಕಟ್ಟಡ ಈಗಿಲ್ಲ;
ಸದ್ದಿದೆ.

ಹೋದ ವಾರ ಡಿಸ್ಕು ಟಿಕ್ ಅಂದಿತು.
ಸ್ವಲ್ಪ ಬಿಟ್ಟು, ಮತ್ತೆ ಟಿಕ್.
ಅಂಥ ಸದ್ದಿನ ಅರ್ಥ
ನನಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಹೊಸದು ಬಂತು. ಅಂಗೈಯಲ್ಲಿಟ್ಟರೆ
ಮಳೆಯಲ್ಲಿ ನೆಂದ ಇಟ್ಟಿಗೆಯ ತಂಪು, ತೂಕ.
ಡೇಟಾ ಕೇಬಲ್ ಇತ್ತು, ಕರೆಂಟಿನದಿಲ್ಲ;
ಸತ್ತು ಕೂತಿದ್ದ ಡಿವಿಡಿ ಡ್ರೈವಿನ ಬೆನ್ನಿಂದ ಕಿತ್ತು ಇದಕ್ಕೆ ಚುಚ್ಚಿದೆ.
ಸ್ಕ್ರೂ ನಾಲ್ಕು ಬೇಕು, ಸಿಕ್ಕಿದ್ದು ಮೂರು.
ನಾಲ್ಕನೆಯ ತೂತಿನ ಕಡೆ ಅದುರದಿರಲೆಂದು
ಹಳೇ ಬೂಟಿನ ಹಿಮ್ಮಡಿಯಿಂದ ಒಂದು ಚೂರು ರಬ್ಬರು.
ಆಮೇಲೆ ಪರದೆಯ ಮೇಲೆ ಒಂದು ಸಾಲು ಬೆರಳಚ್ಚಿಸಿದೆ:
ಅದರಲ್ಲಿರುವುದೆಲ್ಲ ಇದರಲ್ಲೂ ಇರಲಿ.

ಲಮಾರಾ ಬಾಗಿಲಿಗೊರಗಿ ನೋಡುತ್ತಿದ್ದಳು.
“ಎರಡೂ ಒಂದೇ ಕಪಾಟಿನಲ್ಲಾ?
ಮೇಲಿನ ಮನೆಯ ನಲ್ಲಿ ಒಡೆದರೆ ಎರಡೂ ಒಟ್ಟಿಗೇ ಮುಳುಗಲಿ ಅಂತಲಾ?
ನೀನು ಕೈತಪ್ಪಿ ಇಲ್ಲೊಂದು ಅಳಿಸಿದೆಯೋ
ಅದೂ ಹೂಂ ಅಂತ ಅಳಿಸಿ ಕೂರುತ್ತದೆ.
ನಮ್ಮಮ್ಮನ ಅಡುಗೆ ಪುಸ್ತಕದ ಪ್ರತಿ ಎಲ್ಲಿದೆ ಹೇಳು?”

ರುಸ್ತಾವಿಯಲ್ಲಿ, ಅವಳ ತಂಗಿಯ ಮನೆಯ ಅಟ್ಟದ ಮೇಲೆ.
ಗೊತ್ತಿತ್ತು.
ಸ್ಕ್ರೂಡ್ರೈವರನ್ನು ಇನ್ನೊಮ್ಮೆ ಒರೆಸಿದೆ.

ಶೇಕಡಾ ಅರವತ್ತೊಂದಕ್ಕೆ ಕರೆಂಟು ಹೋಯಿತು.
ಡಿಸ್ಕುಗಳು ಇಳಿದಿಳಿದು ನಿಂತದ್ದು ಕೇಳಿಸಿತು.
ಅದರ ಬೆನ್ನಿಗೇ, ಬಾವಿಯ ತಳದಿಂದೆಂಬಂತೆ,
“ನೊದಾರ್!”

ಆರಕ್ಕೂ ಏಳಕ್ಕೂ ನಡುವೆ ತ್ಸಿಯಾಲಾ.
ಎಂಬತ್ತೆರಡು ವರ್ಷ, ಕೈಯಲ್ಲಿ ಒಂದು ಚೀಲ ಪರ್ಸಿಮನ್ ಹಣ್ಣು.
ಚಾವಣಿಯ ಕೋಣೆಗೆ ಹತ್ತಿ, ಟಾರ್ಚು ಬಾಯಲ್ಲಿ ಕಚ್ಚಿ
ಕೈಚಕ್ರ ತಿರುಗಿಸಿದೆ.
ಇಂಚಿಂಚೇ ಇಳಿದಳು, ಬೈಯುತ್ತ,
ಕರೆಂಟಿನವರನ್ನು, ಮೇಯರನ್ನು, ತನ್ನ ಮೊಣಕಾಲನ್ನು,
ಆಮೇಲೆ ಸಾವಕಾಶವಾಗಿ ನನ್ನನ್ನು.
“ಹತ್ತು ತೆತ್ರಿ ಹಾಕಿದ್ದೆ, ವಾಪಸ್ ಕೊಡು!”
ನನ್ನ ಜೇಬಿಂದಲೇ ಕೊಟ್ಟೆ.
ಎಣಿಸಿಕೊಂಡು, ಒಂದು ಹಣ್ಣು ಕೊಟ್ಟಳು,
ಅರ್ಧ ಜಜ್ಜಿಹೋದದ್ದು.

ಕರೆಂಟು ಬಂದಾಗ ರಾತ್ರಿ ಎರಡು.
ನಕಲು ಮತ್ತೆ ಸೊನ್ನೆಯಿಂದ.
ಕಪಾಟಿಗೆ ಕಿವಿಯಿಟ್ಟು ಕೂತೆ.
ಎರಡರ ಶ್ರುತಿಗೂ ಕೂದಲೆಳೆಯ ವ್ಯತ್ಯಾಸ;
ಅದರಿಂದ ನಡುವೆ ನಿಧಾನದ ಒಂದು ಅಲೆ, ಬರುತ್ತದೆ, ಹೋಗುತ್ತದೆ,
ಏರುವ ಪೆಟ್ಟಿಗೆಯನ್ನು ಇಳಿಯುವ ತೂಕದ ಗುಂಡು
ಕತ್ತಲಲ್ಲಿ ಹಾದುಹೋಗುವ
ಆ ಒಂದು ಗಳಿಗೆಯ ಹಾಗೆ.
ಹಣ್ಣು ತಿನ್ನುತ್ತ ಕೇಳಿದೆ. ಜಜ್ಜಿದ ಕಡೆಯೇ ಹೆಚ್ಚು ಸಿಹಿ.

ಭಾನುವಾರ ರುಸ್ತಾವಿಗೆ ಮೊದಲ ಬಸ್ಸು ಎಷ್ಟಕ್ಕೆ ಅಂತ
ಗೋಡೆಗೆ ಮುಖ ಮಾಡಿ ಮಲಗಿದ್ದ ಲಮಾರಾಳನ್ನು ಕೇಳಿದೆ.
ನಿದ್ದೆ ಬಂದಿತ್ತು ಅವಳಿಗೆ.
ಹೆಗಲು ಮಾತ್ರ ನಗುತ್ತಿತ್ತು.