ಮನೆ ನಂಬರ್ ಸೊನ್ನೆ

ಶಹಾಬಾದಿನ ರೈಲ್ವೆ ಗೇಟಿನ ಹತ್ತಿರ ನನ್ನ ಝೆರಾಕ್ಸ್ ಅಂಗಡಿ.
ಈ ಊರಿನ ಮಂದಿಯನ್ನು ನಾನು ಬಣ್ಣದಲ್ಲಿ ನೋಡಿದ್ದು ಕಡಿಮೆ,
ಹೆಚ್ಚಿನವರ ಗುರುತು ಕಪ್ಪು ಬಿಳುಪಿನಲ್ಲೇ:
ಪಡಿತರ ಚೀಟಿ, ಜಾತಿ ಪತ್ರ, ಮಸುಕಾದ ಆಧಾರ್.
ಪರ್ಸಿ ಕಲ್ಲಿನ ಪುಡಿ ಗಾಜಿನ ಮೇಲೆ ಕೂತರೆ
ಎಲ್ಲರ ಕೆನ್ನೆಗೂ ಒಂದೇ ಗೀರು.

ಭಾನುವಾರ ಶಟರ್ ಅರ್ಧ ಇಳಿಸಿ ಬಳಗದ ಜೊತೆ ಹೊರಡುತ್ತೇನೆ.
ಬಳಗ ಅಂದರೆ ನಾಲ್ಕೇ ಜನ:
ರಿಟೈರಾದ ಡ್ರಿಲ್ ಮೇಷ್ಟ್ರು ಚಂದ್ರಶಾ, ಟೇಲರ್ ಮಶಾಕಸಾಬ್,
ನರ್ಸಿಂಗ್ ಓದುವ ರೂತ್, ನಾನು.

ಚೀಲದ ಬಣ್ಣಕ್ಕೇ ಮೂರು ವಾರ ಜಗಳ.
ಕೇಸರಿ ಒಬ್ಬರದು, ಹಸಿರು ಒಬ್ಬರದು,
ನೀಲಿಗೂ ಕೆಂಪಿಗೂ ವಾರಸುದಾರರಿದ್ದಾರೆ,
ಬಿಳಿ ಹಿಡಿದರೆ ‘ಯಾವ ಸಾಹೇಬರ ಕಡೆಯವರ್ರೀ?’ ಅಂತಾರೆ.
ಕೊನೆಗೆ ಮಶಾಕಸಾಬ್
ಬ್ಯಾಳಿ ಮಿಲ್ಲಿನ ಗೋಣಿ ಕತ್ತರಿಸಿ ನಾಲ್ಕು ಚೀಲ ಹೊಲಿದರು.
ಇವತ್ತಿಗೂ ಅರ್ಜಿಗಳ ಮಡಿಕೆಯಲ್ಲಿ ತೊಗರಿ ಹೊಟ್ಟು.

ಕೈ ಬೀಸಿ ಕರೆಯುವಂತಿಲ್ಲ, ರೂತ್ ಹೂ ಮುಡಿಯುವಂತಿಲ್ಲ,
ಮೇಷ್ಟ್ರ ಕಟ್ಟುನಿಟ್ಟು.
ತೆನೆ ಹೊತ್ತು ಎದುರಾದ ಹೆಂಗಸನ್ನು ನೋಡಿ ನಗಬಹುದಾ ಅಂತ ಕೇಳಿದೆ.
‘ನಗು. ಸಣ್ಣಗೆ.’

ಪಟ್ಟಿ ಓದುವುದು ನನ್ನ ಪಾಲಿನ ಕೆಲಸ.
ಹೆಸರು, ಗಂಡನ ಹೆಸರು, ವಯಸ್ಸು, ಮನೆ ನಂಬರ್.
ಖಣಿ ದಂಡೆಯ ಗುಡಿಸಲುಗಳಿಗೆ ನಂಬರ್ ಎಲ್ಲಿಂದ ಬರಬೇಕು?
ಖಾಲಿ ಬಿಡಲು ಕಂಪ್ಯೂಟರ್ ಒಪ್ಪದೆ
ಎಲ್ಲರ ಮುಂದೂ ಸೊನ್ನೆ ಬರೆದಿದೆ.
ಮನೆ ನಂಬರ್ ಸೊನ್ನೆಯಲ್ಲಿ ಮುನ್ನೂರ ಹನ್ನೆರಡು ಜನ!
ಎಂಥಾ ವಾಡೆ ಇದ್ದೀತು ಅದು,
ಎಷ್ಟು ಒಲೆ, ಎಷ್ಟು ಜಗಳ,
ಬೆಳಗಾದರೆ ಒಂದೇ ಹೊಸ್ತಿಲು ದಾಟಲು
ಎಷ್ಟು ಜನರ ನೂಕುನುಗ್ಗಲು.

ಆ ವಾಡೆಯ ಕಲ್ಲೊಡೆಯುವ ಮಾಪಮ್ಮ
ಪಟ್ಟಿಯಲ್ಲಿ ಪಾಪಮ್ಮ.
ಗಂಡ ಸಾಬಣ್ಣ, ಸಾಬೂನ.
‘ಅಂವ ಸತ್ತು ಎಂಟ್ ವರ್ಷಾತು. ತೊಳಕೊಂಡೇ ಹೋದ’
ಅಂತ ನಕ್ಕಳು, ನಮ್ಮನ್ನೂ ನಗಿಸಿದಳು.
ಆದರೆ ಎರಡು ಸಾಲು ಮೇಲೆ ಅವನು ಇನ್ನೂ ಬದುಕಿದ್ದ:
ಗಂಡು, ವಯಸ್ಸು ಐವತ್ತೊಂಬತ್ತು, ಮನೆ ಸೊನ್ನೆ.

ಏಳನೇ ನಮೂನೆ ತೆಗೆದೆ, ಹೆಸರು ತೆಗೆಸುವ ಅರ್ಜಿ.
ಇಂಕಿನ ಪ್ಯಾಡಿನ ಮೇಲೆ ಅವಳ ಹೆಬ್ಬೆರಳು ಹಾಗೇ ನಿಂತಿತು.
‘ಇಲ್ಲಿ ಆದ್ರೂ ಇರ್ಲಿ ಬಿಡೋ ತಮ್ಮಾ.’
ನಿಯಮ ಹೇಳಲು ಬಾಯಿ ತೆರೆದ ಮೇಷ್ಟ್ರು
ಖಣಿಯಲ್ಲಿ ನಿಂತ ನೀರನ್ನು ನೋಡುತ್ತಾ ಕೂತರು.

ಮುಂದಿನ ಭಾನುವಾರ ತಾನೇ ಅಂಗಡಿಗೆ ಬಂದು
ಮುಖ ಆಚೆ ತಿರುಗಿಸಿ ಒತ್ತಿದಳು.
ಬೆರಳು ಸೆರಗಿಗೆ ಒರೆಸುತ್ತಾ ಕೇಳಿದಳು:
‘ಯಾರಿಗಿ ಹಾಕ್ಲಿ?’
‘ಅದು ನಿನಗ ಬಿಟ್ಟದ್ದು, ಯವ್ವಾ.’
‘ನನ್ನ ಹೆಸರಿನ ಹಿಂದ ನಾಕು ಆಯ್ತವಾರ ಅಡ್ಡಾಡೀದಿ.
ನೀ ಹೇಳು, ಕಣ್ಣು ಮುಚ್ಚಿ ಹಾಕ್ತೀನಿ.’

ನಾಲಿಗೆಯ ತುದಿಯಲ್ಲೇ ಇತ್ತು.
ನನಗೂ ಒಬ್ಬರ ಮೇಲೆ ಸಿಟ್ಟಿದೆ, ಒಬ್ಬರ ಮೇಲೆ ಆಸೆಯಿದೆ,
ರಾತ್ರಿ ಟಿವಿ ಎದುರು ನಾನೂ ಒದರಾಡುತ್ತೇನೆ.
ಕೆಲಸವಿಲ್ಲದಿದ್ದರೂ ಯಂತ್ರದ ಸ್ವಿಚ್ಚು ಒತ್ತಿದೆ.
ಅದು ಬಿಸಿಯಾಗುವ ತನಕ ಗುಂಯ್ ಅನ್ನುತ್ತದೆ,
ಅಷ್ಟು ಹೊತ್ತು ಯಾರೂ ಮಾತಾಡುವ ಹಾಗಿಲ್ಲ.
‘ಕಣ್ಣು ತೆರದು ಹಾಕು’ ಅಂದೆ.
ಇಷ್ಟು ಹೇಳ್ಲಾಕ ಇಷ್ಟು ಹೊತ್ತಾ ಅನ್ನುವ ಹಾಗೆ ನೋಡಿ ಹೋದಳು.

ಮತದಾನದ ದಿನ ನೆಲದ ಪರ್ಸಿ ಹಂಚಿನಂತೆ ಕಾದಿತ್ತು.
ಸಂಜೆ ಆರರ ಮೇಲೆ ಬಂದಳು, ಕಾಲಿಗೆ ಗಂಡಸರ ಚಪ್ಪಲಿ,
ಎಡಗೈಯ ತೋರುಬೆರಳು ಗಾಜಿನ ಮೇಲಿಟ್ಟು
‘ಇದರದೊಂದು ಝೆರಾಕ್ಸ್ ತೆಗಿ’ ಅಂದಳು.
ಹಸಿರು ಬೆಳಕು ಬೆರಳಿನ ಕೆಳಗೆ ಹಾದುಹೋಯಿತು.
ಹಾಳೆಯಲ್ಲಿ ಬಿರುಕು ಬಿರುಕು ಚರ್ಮ, ಅರ್ಧ ಕಪ್ಪಾದ ಉಗುರು,
ಅಡ್ಡಕ್ಕೆ ಅದೇ ಗೀರು.
ಬೇಡವೆಂದರೂ ಎರಡು ರೂಪಾಯಿ ಇಟ್ಟು
ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಎಲೆಯಡಿಕೆ ಚೀಲಕ್ಕೆ ಸೇರಿಸಿದಳು.

ಹೊಸ ಪಟ್ಟಿಯಲ್ಲಿ ಅವಳು ಮಾಪಮ್ಮ. ಮನೆ ಇನ್ನೂ ಸೊನ್ನೆ,
ಒಳಗೆ ಈಗ ಮುನ್ನೂರ ಹನ್ನೊಂದು ಜನ.
ಯಾರಿಗೆ ಹಾಕಿದಳೋ ನಾನು ಕೇಳಲಿಲ್ಲ.
ಕೇಳಬೇಕು ಅನ್ನಿಸಿದ್ದು ಸುಳ್ಳಲ್ಲ.